ಬುಧವಾರದ ಕಾಗದ

ನಮ್ಮೂರಲ್ಲಿ ಕೆಟ್ಟ ಸುದ್ದಿ ಬಾಯಿಂದ ಬರುವುದಿಲ್ಲ. ತುಟಿ ಆಡುತ್ತದೆ, ಕತ್ತಿನ ನರ ಉಬ್ಬುತ್ತದೆ, ದನಿ ಮಾತ್ರ ಹೊರಡುವುದಿಲ್ಲ. ಹೊರಗಿನಿಂದ ಯಾರಾದರೂ ಫೋನು ಮಾಡಿ ಹೇಳಿದರೂ ಅಷ್ಟೇ, ಈ ಕಡೆಯ ಕಿವಿಗೆ ಬರೀ ಮೌನ. ಮೊಬೈಲಿನಲ್ಲಿ ಬರೆದು ಕಳಿಸಿದರೆ ಪರದೆ ಬೆಳ್ಳಗಿರುತ್ತದೆ. ಪಕ್ಕದ ಮನೆಯವರು ಚೀಟಿ ಬರೆದು ಕೈಗಿಟ್ಟರೆ ಅಕ್ಷರ ಕಣ್ಣಿಗೆ ನಿಲ್ಲುವುದಿಲ್ಲ. ಕಾಗದ ಬರೆದು, ಅಂಚೆಗೆ ಹಾಕಿ, ಊರಿನ ಅಂಚೆ ಕಚೇರಿಯ ತಾರೀಖಿನ ಮೊಹರು ಅದರ ಮೇಲೆ ಬಿದ್ದರೆ ಮಾತ್ರ ಓದಲು ಬರುತ್ತದೆ. ಒಮ್ಮೆ ಓದಿಯಾಯಿತೆಂದರೆ ಆಮೇಲೆ ಓದಿದವರ ನಡುವೆ ಆ ಮಾತನ್ನು ಎಷ್ಟು ಬೇಕಾದರೂ ಆಡಬಹುದು, ಅಳಬಹುದು, ದೇವರನ್ನು ಬೈಯಬಹುದು. ಇದೇಕೆ ಹೀಗೆ ಎಂದು ಹೊರಗಿನವರು ನಮ್ಮನ್ನು ಕೇಳುತ್ತಾರೆ. ಅವರ ಊರುಗಳಲ್ಲಿ ಸಾವಿನ ಸುದ್ದಿಯನ್ನು ಬಾಗಿಲಲ್ಲಿ ನಿಂತು ಬಾಯಿಬಿಟ್ಟು ಹೇಳುತ್ತಾರಂತೆ. ಅದು ಹೇಗೆ ಸಾಧ್ಯವೋ ನಮಗೂ ಅರ್ಥವಾಗುವುದಿಲ್ಲ.

ಕೆಳಪೇಟೆಯ ಅಂಚೆ ಕಚೇರಿಯಲ್ಲಿ ನಾನು ಕೂರಲು ಶುರುಮಾಡಿ ಇಪ್ಪತ್ತೇಳು ವರ್ಷವಾಯಿತು. ಹೊಂಬಾಳೆ ಎಂದು ನನಗೊಂದು ಹೆಸರಿದೆ, ಕರೆಯುವವರಿಲ್ಲ. ಎಲ್ಲರಿಗೂ ನಾನು ಪೋಸ್ಟಮ್ಮ. ಕಚೇರಿಯೆಂದರೆ ಒಂದು ಕೋಣೆ, ಒಂದು ಮೇಜು, ಹಿಂದುಗಡೆ ಕಾಗದ ಹಂಚುವ ಬೀರಪ್ಪಣ್ಣ ಊಟಕ್ಕೆ ಕೂರುವಷ್ಟು ಜಾಗ. ಮಧ್ಯಾಹ್ನ ಹನ್ನೆರಡೂವರೆಗೆ ಬಸ್ಸಿನಿಂದ ಚೀಲ ಇಳಿಯುತ್ತದೆ. ಬೀರಪ್ಪಣ್ಣ ಅದನ್ನು ಹೊತ್ತು ತಂದು ಮೇಜಿನ ಮೇಲೆ ಇಟ್ಟು ಮುದ್ದೆ ಉಣ್ಣಲು ಹೋದರೆ ನಾನು ಚೀಲ ಬಿಚ್ಚಿ ಮೊಹರು ಹಾಕುತ್ತ ಹೋಗುತ್ತೇನೆ. ಕೆಟ್ಟ ಸುದ್ದಿಯ ಕಾಗದದ ಒಂದು ಮೂಲೆಯನ್ನು ಕಳಿಸುವವರೇ ಹರಿದಿರುತ್ತಾರೆ. ಆ ಮೂಲೆ ಕಂಡರೆ ಮಿಕ್ಕದ್ದನ್ನೆಲ್ಲ ಬದಿಗಿಟ್ಟು ಮೊದಲು ಅದಕ್ಕೆ ಮೊಹರು. ಬೀರಪ್ಪಣ್ಣ ಅರ್ಧ ಊಟದಲ್ಲಿದ್ದರೂ ಕೈತೊಳೆದು ಎದ್ದುಬಿಡುತ್ತಿದ್ದ. ಕಾಗದ ಕೊಟ್ಟು ಓಡಿಬರುವ ಹಾಗಿಲ್ಲ. ಕೊಟ್ಟವನು ಆ ಮನೆಯ ಜಗಲಿಯಲ್ಲಿ ಕೂರಬೇಕು, ಅವರು ಓದಿ ಮುಗಿಸಿ ‘ಆಯ್ತು’ ಎನ್ನುವವರೆಗೆ. ಒಂದೊಂದು ಮನೆಯಲ್ಲಿ ಆ ‘ಆಯ್ತು’ ಬರಲು ಮೂರು ಗಂಟೆ ಹಿಡಿದದ್ದಿದೆ. ಇದು ಇಲಾಖೆಯ ಯಾವ ಪುಸ್ತಕದಲ್ಲೂ ಇಲ್ಲ, ನಾವೇ ಮಾಡಿಕೊಂಡ ಪದ್ಧತಿ.

ಹೋದ ವರ್ಷ ಮೇಲುಪೇಟೆಯ ಕಚೇರಿ ಮುಚ್ಚಿದರು. ಅಲ್ಲಿಯವರ ಕಾಗದಗಳೆಲ್ಲ ಈಗ ಮೂರು ಮೈಲಿ ಆಚೆಯ ಸ್ಟೇಷನ್ ಕಚೇರಿಗೆ ಹೋಗುತ್ತವೆ. ಅಲ್ಲಿ ಗೋಡೆಯ ತುಂಬ ಬೀಗದ ಪೆಟ್ಟಿಗೆಗಳು. ನಿಮ್ಮ ಕೀಲಿ ನಿಮ್ಮ ಕೈಯಲ್ಲಿ, ನಿಮಗೆ ಬೇಕಾದಾಗ ಬಂದು ತೆಗೆದುಕೊಳ್ಳಿ. ಹಂಚುವವರು ಯಾರೂ ಇಲ್ಲ. ಮೇಲುಪೇಟೆಯ ಹನುಮಕ್ಕನ ಗಂಡ ಲಾರಿ ಓಡಿಸುತ್ತಿದ್ದ. ಒಂದು ದಿನ ಅವಳಿಗೆ ಮಾತಿಲ್ಲದ ಫೋನು ಬಂತು. ಏನೋ ಆಗಿದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಅವಳು ಏಳು ದಿನ ಸ್ಟೇಷನ್ನಿಗೆ ನಡೆದು ಹೋಗಿ ಪೆಟ್ಟಿಗೆ ತೆಗೆದು ನೋಡಿದಳು. ಖಾಲಿ. ಎಂಟನೆಯ ದಿನ ಕಾಲು ಊದಿಕೊಂಡು ಹೋಗಲಿಲ್ಲ. ಕಾಗದ ಬಂದದ್ದು ಆ ದಿನವೇ. ಅದು ಪೆಟ್ಟಿಗೆಯೊಳಗೆ ಹನ್ನೊಂದು ದಿನ ಬಿದ್ದಿತ್ತು. ಅಷ್ಟು ದಿನವೂ ಅವಳು ಗಂಡನ ತಟ್ಟೆ ಇಟ್ಟಳು, ಅವನು ಬರುತ್ತಾನೆಂದು ತಲೆಗೆರೆದುಕೊಂಡಳು. ‘ಹನ್ನೊಂದು ದಿನ ಹೂ ಮುಡ್ಕೊಂಡು ಓಡಾಡಿದ್ನಲ್ಲ ಪೋಸ್ಟಮ್ಮ, ಜನ ಏನಂದ್ಕೊಂಡಿರ್ತಾರೆ’ ಎಂದು, ಆ ಕಾಗದವನ್ನು ನನಗೂ ಓದಲು ಕೊಟ್ಟು, ನನ್ನ ಮುಂದೆ ಕೂತು ಹೇಳಿದಳು. ಜನ ಏನೂ ಅಂದುಕೊಂಡಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲವಲ್ಲ.

ಅದಾಗಿ ಎರಡು ತಿಂಗಳಿಗೆ ನಮ್ಮ ಕಚೇರಿಗೂ ಇಲಾಖೆಯ ಕಾಗದ ಬಂತು. ಮೂಲೆ ಹರಿದಿತ್ತು, ಪಾಪ, ಅಷ್ಟು ಮರ್ಯಾದೆ ಅವರಿಗಿತ್ತು. ಕಟ್ಟಡ ಬೀಳುವ ಸ್ಥಿತಿಯಲ್ಲಿದೆ, ಬೇರೆ ಕಟ್ಟಡ ಹುಡುಕಲು ಇಲಾಖೆಗೆ ಸಾಧ್ಯವಿಲ್ಲ, ಪುರಸಭೆಯವರು ತಾವಾಗಿ ಜಾಗ ಕೊಟ್ಟರೆ ಕಚೇರಿ ನಡೆಯುತ್ತದೆ, ಇಲ್ಲದಿದ್ದರೆ ವರ್ಷದ ಕೊನೆಗೆ ಸ್ಟೇಷನ್ ಕಚೇರಿಗೆ ಸೇರಿಸಲಾಗುವುದು ಎಂದಿತ್ತು. ನಾನೇ ಮೊಹರು ಹಾಕಿ ನಾನೇ ಓದಿದೆ. ಬೀರಪ್ಪಣ್ಣ ಎದುರಿಗೆ ಕೂತಿದ್ದ, ಅವನಿಗೂ ಓದಲು ಕೊಟ್ಟೆ. ನಾನು ‘ಆಯ್ತು’ ಎಂದೆ. ‘ಎಲ್ಲಿ ಆಯ್ತು, ಈಗಿನ್ನೂ ಶುರು’ ಎಂದ.

ಜಾಗವೇನೋ ಇತ್ತು. ಪೇಟೆ ಬಾಗಿಲಲ್ಲಿ ಹಳೆಯ ಸುಂಕದ ಕಟ್ಟೆಯ ಕೋಣೆ ವರ್ಷಗಳಿಂದ ಬೀಗ ಹಾಕಿಕೊಂಡು ಬಿದ್ದಿತ್ತು. ಅದನ್ನು ಕೊಡಿ ಎಂದು ಪುರಸಭೆಯನ್ನು ಒಪ್ಪಿಸಬೇಕಿತ್ತು. ಕಷ್ಟವೇನೆಂದರೆ, ಹನುಮಕ್ಕನಿಗಾದದ್ದನ್ನು ಬಾಯಲ್ಲಿ ಹೇಳಲು ಬರುವುದಿಲ್ಲ. ಅದನ್ನು ಕಾಗದದಲ್ಲಿ ಓದದ ಸದಸ್ಯನ ಮುಂದೆ ನಿಂತು ನಾನು ಎಷ್ಟು ಬಾಯಿ ಆಡಿಸಿದರೂ ಮೂಕಿಯೇ. ಹಾಗಾಗಿ ಹನುಮಕ್ಕ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಹದಿನಾರು ಸದಸ್ಯರು, ಒಬ್ಬ ಅಧ್ಯಕ್ಷ, ಒಟ್ಟು ಹದಿನೇಳು ಕಾಗದ. ಪ್ರತಿಯೊಂದರ ಕೊನೆಯಲ್ಲೂ ನನ್ನದೊಂದು ಸಾಲು ಸೇರಿಸಿದೆ: ‘ಕೆಳಪೇಟೆಯ ಕಚೇರಿಯಲ್ಲಿ ಇಪ್ಪತ್ತೇಳು ವರ್ಷಗಳಲ್ಲಿ ಯಾವ ಕಾಗದವೂ ಒಂದು ರಾತ್ರಿ ಉಳಿದದ್ದಿಲ್ಲ.’ ಬರೆಯುವಾಗ ಜಂಭವಿತ್ತು. ಇಲ್ಲವೆಂದು ಹೇಳಲಾರೆ.

ಬೀರಪ್ಪಣ್ಣ ಹದಿನೇಳು ಜಗಲಿಗಳಲ್ಲಿ ಕೂತುಬಂದ. ಉಪಾಧ್ಯಕ್ಷ ಚಿಕ್ಕವೀರಯ್ಯನವರು ಹರಿದ ಮೂಲೆ ನೋಡಿ ‘ಇಟ್ ಹೋಗಪ್ಪ, ಆಮೇಲೆ ನೋಡ್ತೀನಿ’ ಎಂದರಂತೆ. ಇವನು ‘ನಂಗೇನ್ ಅವಸರ ಇಲ್ಲ ಬುದ್ಧಿ’ ಎಂದು ಕಂಬಕ್ಕೆ ಒರಗಿ ಎಲೆ ಅಡಿಕೆ ತೆಗೆದ. ಎರಡು ಗಂಟೆ ಕಳೆದ ಮೇಲೆ ಅವರು ತಡೆಯಲಾರದೆ ಒಡೆದು ಓದಿದರು. ಓದಿದ ಮೇಲೂ ಅವರ ಮನಸ್ಸು ಬದಲಾಗಲಿಲ್ಲ. ಸುಂಕದ ಕಟ್ಟೆಯ ಜಾಗದಲ್ಲಿ ಅಂಗಡಿ ಮಳಿಗೆ ಕಟ್ಟಿಸಬೇಕೆಂದು ಅವರ ಲೆಕ್ಕಾಚಾರ. ತಪ್ಪೆಂದು ಹೇಳಲಾರೆ, ಪೇಟೆಗೆ ಅಂಗಡಿಯೂ ಬೇಕು. ವಾರ ಕಳೆಯುವುದರೊಳಗೆ ಸುದ್ದಿ ಸಿಕ್ಕಿತು: ಎಂಟು ಜನ ನಮ್ಮ ಕಡೆ, ಎಂಟು ಜನ ಚಿಕ್ಕವೀರಯ್ಯನವರ ಕಡೆ.

ಅಧ್ಯಕ್ಷರು ರುದ್ರಮುನಿ. ಕೆಳಪೇಟೆಯವರೇ, ಸೈಕಲ್ ಅಂಗಡಿ ಇಟ್ಟುಕೊಂಡವರು. ಅಧ್ಯಕ್ಷರಾದ ಮೇಲೂ ಬೆಳಿಗ್ಗೆ ಹತ್ತರವರೆಗೆ ಪಂಕ್ಚರ್ ಹಾಕುತ್ತಾರೆ. ನಾನು ಅವರನ್ನು ಮುನಿಯಣ್ಣ ಎಂದೇ ಕರೆಯುವುದು. ಯಾವ ಕಡೆಗೂ ಸೇರದ ಮನುಷ್ಯ, ಅದಕ್ಕೇ ಎರಡೂ ಕಡೆಯವರು ಸೇರಿ ಅವರನ್ನು ಕುರ್ಚಿಯಲ್ಲಿ ಕೂರಿಸಿದ್ದು. ಕಾಗದ ಓದಿದ ನಾಲ್ಕನೆಯ ದಿನ ಅವರು ಕಚೇರಿಗೆ ಬಂದರು. ಕೈಯಲ್ಲಿ ಗ್ರೀಸು ಇತ್ತು, ಮೇಜು ಮುಟ್ಟದೆ ದೂರ ನಿಂತರು.

‘ಹನುಮಕ್ಕನ ವಿಷ್ಯ ಓದ್ದಾಗಿಂದ ಊಟ ಸೇರ್ತಿಲ್ಲ ಪೋಸ್ಟಮ್ಮ. ಗುರುವಾರ ಸಭೆ ಇಟ್ಟಿದೀನಿ. ನನ್ ಓಟು ನಿಮಗೆ.’

ನಾನು ಕೈಮುಗಿದೆ. ‘ನಮಗಲ್ಲ ಮುನಿಯಣ್ಣ, ಪೇಟೆಗೆ’ ಎಂದೆ. ‘ಎಲ್ಲಾ ಒಂದೇ ಬಿಡು’ ಎಂದು ನಗಾಡಿ ಹೋದರು. ಆ ದಿನ ಬೀರಪ್ಪಣ್ಣನಿಗೆ ನಾನೇ ಕಾಫಿ ತರಿಸಿಕೊಟ್ಟೆ.

ಬುಧವಾರ ಹನ್ನೆರಡೂವರೆಗೆ ಚೀಲ ಬಂತು. ಬೀರಪ್ಪಣ್ಣ ಹಿಂದುಗಡೆ ಬುತ್ತಿ ಬಿಚ್ಚುತ್ತಿದ್ದ. ನಾನು ಚೀಲ ಸುರಿದೆ. ಮೇಲೆಯೇ ಒಂದು ಹರಿದ ಮೂಲೆ. ವಿಳಾಸ ನೋಡಿದರೆ ರುದ್ರಮುನಿಯದು, ಬಂದದ್ದು ಹೊಳೆಯಾಚೆಯ ಅವರ ಅಕ್ಕನ ಊರಿನಿಂದ. ಅಕ್ಕ ಶಿವಗಂಗಮ್ಮ ಅವರನ್ನು ಎತ್ತಿ ಆಡಿಸಿದವಳು, ತಾಯಿ ಇಲ್ಲದ ಮಗುವನ್ನು ತನ್ನ ಮದುವೆಯಾಗುವವರೆಗೆ ಸಾಕಿದವಳು ಎಂಬುದು ಪೇಟೆಗೆಲ್ಲ ಗೊತ್ತು.

ಮೊಹರು ಕೈಯಲ್ಲಿತ್ತು. ಕೈ ಕೆಳಗೆ ಇಳಿಯಲಿಲ್ಲ.

ಈ ಕಾಗದ ಕೊಟ್ಟರೆ ಮುನಿಯಣ್ಣ ಒಂದು ಗಂಟೆಯ ಬಸ್ಸು ಹತ್ತುತ್ತಾರೆ. ನಾಳೆಯ ಸಭೆಯಲ್ಲಿ ಕುರ್ಚಿಯ ಮೇಲೆ ಚಿಕ್ಕವೀರಯ್ಯ. ಎಂಟಕ್ಕೆ ಎಂಟು ಬಂದರೆ ಕುರ್ಚಿಯ ಓಟು ಅವರದು. ಅಲ್ಲಿಗೆ ಕೆಳಪೇಟೆಯ ಇನ್ನೂರು ಮನೆಗೂ ಒಂದೊಂದು ಕೀಲಿ, ಒಂದೊಂದು ಪೆಟ್ಟಿಗೆ. ಇನ್ನೂರು ಹನುಮಕ್ಕಂದಿರು ನನ್ನ ಕಣ್ಣ ಮುಂದೆ ಬಂದರು, ಸುಳ್ಳು ಹೇಳುವುದಿಲ್ಲ. ಆಮೇಲೆ ಇನ್ನೊಂದು ಯೋಚನೆ ಬಂತು, ನಾಚಿಕೆಗೇಡಿನದು. ಹರಿದ ಮೂಲೆಯೆಂದರೆ ಹೆಚ್ಚಾಗಿ ಸಾವೇ. ಸತ್ತವರು ಸತ್ತಾಗಿದೆ. ಒಂದು ದಿನ ತಡವಾದರೆ ಅವರೇನು ಎದ್ದು ಬಂದು ಕೇಳುತ್ತಾರೆಯೇ? ಒಂದೇ ದಿನ. ಇಪ್ಪತ್ತೇಳು ವರ್ಷದಲ್ಲಿ ಒಂದೇ ಒಂದು ದಿನ.

ಹಿಂದುಗಡೆ ಬೀರಪ್ಪಣ್ಣ ಕೈತೊಳೆಯುವ ಸದ್ದು ಕೇಳಿತು. ನಾನು ಖಾನೆ ಎಳೆದು ಕಾಗದವನ್ನು ಶಾಯಿ ಡಬ್ಬಿಯ ಕೆಳಗೆ ತಳ್ಳಿದೆ. ‘ಹರ್ದಿದ್ದು ಏನಾರ ಐತಾ?’ ಎಂದು ಅವನು ದಿನಾ ಕೇಳುವ ಹಾಗೆ ಕೇಳಿದ. ‘ಇಲ್ಲಣ್ಣ, ನಿಧಾನಕ್ ಉಣ್ಣು’ ಎಂದೆ. ಒಳ್ಳೆಯ ಸುದ್ದಿಗೆ ನಮ್ಮೂರಲ್ಲಿ ಯಾವ ಅಡ್ಡಿಯೂ ಇಲ್ಲ, ಅದು ಸುಳ್ಳಾಗಿದ್ದರೂ ಸರಿ, ಸಲೀಸಾಗಿ ಬಾಯಿಗೆ ಬರುತ್ತದೆ.

ಸಾಯಂಕಾಲ ನಾಲ್ಕರ ಹೊತ್ತಿಗೆ ಮುನಿಯಣ್ಣ ಬಂದರು. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು.

‘ಅಕ್ಕನ ಊರಿಂದ ಫೋನ್ ಬಂದಿತ್ತು ಪೋಸ್ಟಮ್ಮ, ಎರಡ್ ಸಲ. ಮಾತೇ ಇಲ್ಲ. ಕಾಗ್ದ ಏನಾರ ಬಂತಾ?’

ಮೇಜಿನ ಆ ಕಡೆ ಅವರು, ಈ ಕಡೆ ನಾನು. ಮೊಣಕಾಲಿಗೆ ಖಾನೆ ತಾಗುತ್ತಿತ್ತು. ಈಗಲೂ ಕೊಡಬಹುದಿತ್ತು. ಬಸ್ಸು ಹೋಗಿತ್ತು, ಆದರೆ ಯಾರದಾದರೂ ಕಾರು ಹಿಡಿದು ಹೋಗಬಹುದಿತ್ತು. ನನಗೆ ಅದೆಲ್ಲ ಹೊಳೆಯಿತು. ಹೊಳೆಯಲಿಲ್ಲವೆಂದರೆ ನಾಲಿಗೆಗೆ ಹುಳ ಬೀಳುತ್ತದೆ.

‘ಇಲ್ಲ ಮುನಿಯಣ್ಣ, ಬಂದಿಲ್ಲ’ ಎಂದೆ.

ಅವರು ಉಸಿರು ಬಿಟ್ಟರು. ‘ಹಂಗಾರೆ ಲೈನ್ ಕೆಟ್ಟಿರ್ಬೇಕು. ಸುದ್ದಿ ಇದ್ದಿದ್ರೆ ಕಾಗ್ದ ಬಂದೇ ಬರ್ತಿತ್ತು. ನಿಮ್ಮಲ್ಲಿ ಒಂದ್ ರಾತ್ರೀನೂ ನಿಲ್ಲಲ್ಲ ಅಂತ ನೀನೇ ಬರ್ದಿದೀಯಲ್ಲಮ್ಮ.’ ಹೇಳಿ, ಗುಂಡಿ ಸರಿಮಾಡಿಕೊಂಡು, ನಾಳೆ ಹನ್ನೊಂದಕ್ಕೆ ಬಂದುಬಿಡು ಎಂದು ಹೋದರು.

ಗುರುವಾರ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆದ ಕೂಡಲೇ ಆ ಕಾಗದಕ್ಕೆ ಮೊಹರು ಹಾಕಿದೆ. ಗುರುವಾರದ ತಾರೀಖು. ರವಿಕೆಯೊಳಗೆ ಇಟ್ಟುಕೊಂಡು ಸಭೆಗೆ ಹೋದೆ. ಚೀಲವನ್ನು ನೀನೇ ಬಿಚ್ಚಿಬಿಡು ಎಂದು ಬೀರಪ್ಪಣ್ಣನಿಗೆ ಹೇಳಿದ್ದೆ.

ಪುರಸಭೆಯ ಸಭಾಂಗಣದಲ್ಲಿ ಸಾರ್ವಜನಿಕರಿಗೆ ಹಾಕಿದ ಬೆಂಚಿನಲ್ಲಿ ಹನುಮಕ್ಕ ನನ್ನ ಪಕ್ಕ ಕೂತಿದ್ದಳು. ಚಿಕ್ಕವೀರಯ್ಯನವರು ಎದ್ದು, ಸ್ಟೇಷನ್ನಿನಲ್ಲಿ ಒಳ್ಳೆಯ ಪೆಟ್ಟಿಗೆಗಳಿವೆ, ಮಳೆಗೆ ನೆನೆಯುವುದಿಲ್ಲ, ಕಾಗದ ಎಲ್ಲಿಗೂ ಓಡಿಹೋಗುವುದಿಲ್ಲ, ಜನ ಸ್ವಲ್ಪ ನಡೆಯುವುದು ಕಲಿಯಲಿ ಎಂದರು. ಕೆಲವರು ನಕ್ಕರು. ಅದಕ್ಕೆ ನಮ್ಮ ಕಡೆಯ ಸದಸ್ಯೆಯೊಬ್ಬರು ಎದ್ದು, ಪೆಟ್ಟಿಗೆ ನಿಮ್ಮ ಪಕ್ಕ ಕೂತು ಅಳೋದು ಮುಗಿಯೋವರೆಗೆ ಕಾಯುತ್ತಾ ಸ್ವಾಮಿ ಎಂದು ಕೇಳಿದರು. ಆಗ ಯಾರೂ ನಗಲಿಲ್ಲ. ಮಾತು ಬೆಳೆಯಿತು. ಗಡಿಯಾರ ಒಂದು ಹೊಡೆಯಿತು, ಹೊರಗೆ ಒಂದು ಗಂಟೆಯ ಬಸ್ಸು ಹಾರನ್ ಹಾಕಿಕೊಂಡು ಹೋದದ್ದು ನನಗೆ ಕೇಳಿಸಿತು. ಕಾಗದದ ಹರಿದ ಮೂಲೆ ಎದೆಗೆ ಚುಚ್ಚುತ್ತಿತ್ತು. ಎರಡರ ಹೊತ್ತಿಗೆ ಕೈಯೆತ್ತಿಸಿದರು. ಎಂಟು, ಎಂಟು. ಮುನಿಯಣ್ಣ ತಲೆ ಬಗ್ಗಿಸಿಕೊಂಡು ಕೂತವರು ಬಲಗೈ ಎತ್ತಿದರು. ಸುಂಕದ ಕಟ್ಟೆಯ ಕೋಣೆ ಅಂಚೆ ಕಚೇರಿಗೆ ಎಂದು ಬರೆದುಕೊಂಡರು. ಹನುಮಕ್ಕ ನನ್ನ ಕೈ ಹಿಡಿದುಕೊಂಡು ಗಟ್ಟಿಯಾಗಿ ಅತ್ತಳು. ನನಗೆ ಅಳು ಬರಲಿಲ್ಲ.

ಮುನಿಯಣ್ಣ ಮೆಟ್ಟಿಲಿಳಿಯುವಾಗ ನಾನು ಎದುರಿಗೆ ಹೋಗಿ ಕಾಗದ ಕೊಟ್ಟೆ. ಮುಖದಲ್ಲಿದ್ದ ನಗು ಹಾಗೇ ನಿಂತಿತು. ಮೆಟ್ಟಿಲ ಮೇಲೆ ಕೂತು ಓದಿದರು. ನಾನೂ ಎರಡು ಮೆಟ್ಟಿಲು ಕೆಳಗೆ ಕೂತೆ, ಪದ್ಧತಿಯಿದೆಯಲ್ಲ. ಅವರು ‘ಆಯ್ತು’ ಎನ್ನಲಿಲ್ಲ. ಎದ್ದು, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ, ಯಾರದೋ ಕಾರು ಹತ್ತಿ ಹೋದರು.

ಮೂರು ದಿನ ಬಿಟ್ಟು ಬಂದರು. ತಲೆ ಬೋಳಿಸಿಕೊಂಡಿದ್ದರು. ಕಚೇರಿಯ ಮುಂದಿನ ಕಲ್ಲಿನ ಮೇಲೆ ಕೂತು, ಅಂದಿನ ಕಾಗದವನ್ನೂ ಆಮೇಲೆ ಹೊಳೆಯಾಚೆಯಿಂದ ಬಂದ ಸಾವಿನ ಕಾಗದವನ್ನೂ ನನಗೆ ಓದಲು ಕೊಟ್ಟು, ಅವರಾಗಿಯೇ ಹೇಳಿದರು. ಮೊದಲಿನ ಕಾಗದದಲ್ಲಿ ಸಾವಿನ ಸುದ್ದಿ ಇರಲಿಲ್ಲ. ಅಕ್ಕ ಹಾಸಿಗೆ ಹಿಡಿದಿದ್ದಾಳೆ, ನಿನ್ನನ್ನೇ ಕೇಳುತ್ತಿದ್ದಾಳೆ, ಕಂಡ ಕೂಡಲೇ ಹೊರಡು ಎಂದಿತ್ತು. ಇವರು ಹೊಳೆಯ ದಡ ಮುಟ್ಟುವ ಹೊತ್ತಿಗೆ ದೋಣಿ ನಿಂತುಹೋಗಿತ್ತು. ಬೆಳಗಾಗುವವರೆಗೆ ದಡದಲ್ಲೇ ಕೂತಿದ್ದರು. ಬೆಳಿಗ್ಗೆ ಬಂದ ದೋಣಿಯವನು, ಯಾರ ಮನೆಗೆ ಎಂದು ಕೇಳಿ, ಶಿವಗಂಗಮ್ಮನವರು ನಿನ್ನೆ ದೀಪ ಹಚ್ಚೋ ಹೊತ್ತಿಗೆ ಹೋಗ್ಬಿಟ್ರಲ್ಲ ಎಂದುಬಿಟ್ಟ.

‘ಬಾಯಲ್ಲಿ ಅಂದ ಪೋಸ್ಟಮ್ಮ. ಹಂಗೇ, ಹುಟ್ಟು ಹಾಕ್ತಾ ಹಾಕ್ತಾ. ನನ್ ಕಿವೀಲಿ ಕೇಳಿಸ್ಕೊಂಡೆ. ಜನ ಹೆಂಗ್ ತಡ್ಕೊತಾರಮ್ಮ ಅದನ್ನ?’

ಆಗಲೇ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಮುನಿಯಣ್ಣ, ಆ ಕಾಗದ ಬುಧವಾರವೇ ಬಂದಿತ್ತು. ತುಟಿಯೆಲ್ಲ ಆಡಿತು. ಒಂದು ಅಕ್ಷರವೂ ಹೊರಗೆ ಬೀಳಲಿಲ್ಲ. ನಾನು ಅವರಿಗಾಗಿ ಅಳುತ್ತಿದ್ದೇನೆ ಎಂದುಕೊಂಡು ಅವರೇ ನನ್ನನ್ನು ಸಮಾಧಾನ ಮಾಡಿದರು. ‘ನೀನೇನ್ ಮಾಡ್ತೀಯ ಬಿಡಮ್ಮ. ಬಂದ ಗಳಿಗೇಲೇ ತಂದ್ಕೊಟ್ಟೆ. ಸ್ಟೇಷನ್ನಿನ ಪೆಟ್ಟಿಗೇಲಿ ಬಿದ್ದಿದ್ರೆ ನಾನು ತಿಥಿ ಆದ್ಮೇಲೆ ಹೋಗ್ತಿದ್ದೆ. ಸುಂಕದ ಕಟ್ಟೆಗೆ ಅಕ್ಕನ ಹೆಸರು ಬರೆಸ್ತೀನಿ. ನಾನೇ ಬೋರ್ಡ್ ಮಾಡಿಸ್ತೀನಿ’ ಎಂದರು.

ಅಂದಿನಿಂದ ನಾನು ಅನ್ನ ಕಲಸಿ ಕಲಸಿ ಬಿಡುತ್ತಿದ್ದೆ. ಸುಂಕದ ಕಟ್ಟೆಗೆ ಸುಣ್ಣ ಬಳಿಯುತ್ತಿದ್ದರು. ಪೇಟೆಯವರು ದಾರಿಯಲ್ಲಿ ನಿಲ್ಲಿಸಿ, ಪೋಸ್ಟಮ್ಮ ಗೆದ್ದುಬಿಟ್ಟೆ ಕಣಮ್ಮ ಎನ್ನುತ್ತಿದ್ದರು. ಬೀರಪ್ಪಣ್ಣ ಮಾತ್ರ ಹಾಗೆನ್ನಲಿಲ್ಲ. ಅವನು ಹಿಂದುಗಡೆ ಕೂತು ಉಣ್ಣುವುದನ್ನೂ ಬಿಟ್ಟಿದ್ದ. ಚೀಲ ತಂದವನು ಮೇಜಿನ ಪಕ್ಕದಲ್ಲೇ ನಿಲ್ಲುತ್ತಿದ್ದ, ನಾನು ಕೊನೆಯ ಕಾಗದಕ್ಕೆ ಮೊಹರು ಹಾಕುವವರೆಗೆ. ಒಂದು ದಿನ ನಾನೇ ಕೇಳಿದೆ, ಯಾಕಣ್ಣ ಉಣ್ಣಲ್ವಾ ಎಂದು.

‘ಗುರುವಾರದ ಚೀಲ ಬಿಚ್ಚಿದ್ದು ನಾನು’ ಎಂದ. ಅಷ್ಟೇ ಹೇಳಿದ.

ಆ ಸಾಯಂಕಾಲವೇ ಬರೆದೆ. ಮುನಿಯಣ್ಣನ ಹೆಸರಿಗೆ ಒಂದೂವರೆ ಪುಟ. ಬುಧವಾರ ಬಂತು, ಖಾನೆಯಲ್ಲಿಟ್ಟೆ, ನೀವು ಕೇಳಿದಾಗ ಸುಳ್ಳು ಹೇಳಿದೆ, ಗುರುವಾರದ ಮೊಹರು ನಾನು ಹಾಕಿದ್ದು, ನಿಮ್ಮ ಓಟು ಬೇಕಿತ್ತು. ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದೆ. ಅದನ್ನು ಕೇಳಲು ನನಗೆ ಮುಖವೆಲ್ಲಿತ್ತು? ಮೂಲೆ ಹರಿದು ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದೆ. ಮರುದಿನ ಬೆಳಿಗ್ಗೆಯೇ ಡಬ್ಬಿಯ ಮಿಕ್ಕ ಕಾಗದಗಳ ಜೊತೆ ಅದಕ್ಕೂ ಮೊಹರು ಹಾಕಿ ಬೀರಪ್ಪಣ್ಣನ ಕೈಗೆ ಕೊಟ್ಟೆ.

ಅವನು ವಿಳಾಸ ಓದಿದ, ಅಕ್ಷರ ಯಾರದೆಂದು ನೋಡಿದ, ತಿರುಗಿ ಮೇಜಿನ ಮೇಲೆ ಇಟ್ಟ. ‘ಇದನ್ನ ಕೊಟ್ರೆ ಕೋಣೆ ವಾಪಸ್ ತಗೋತಾರೆ. ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಯ್ತದೆ.’

‘ಗೊತ್ತು.’

‘ಕೊಡ್ದೇ ಇದ್ರೆ ನಾನೂ ನಿನ್ ಥರಾನೇ ಆಯ್ತೀನಿ. ಮೂವತ್ತೆಂಟು ವರ್ಷ ಆಯ್ತು ತಾಯಿ, ಇಂಥದ್ ಕೈಗೆ ಕೊಡ್ಬೇಡ. ನೀನೇ ತಗೊಂಡೋಗು.’

ತೆಗೆದುಕೊಂಡು ಹೋದೆ. ಮುನಿಯಣ್ಣ ಅಂಗಡಿಯಲ್ಲಿ ಒಬ್ಬರೇ ಇದ್ದರು. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದರು. ಹರಿದ ಮೂಲೆ ಕಂಡು ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ‘ನಮ್ಮೋರು ಅಂತ ಇನ್ಯಾರಿದಾರಮ್ಮ ನಂಗೆ?’ ಎಂದರು. ನಾನು ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತೆ. ಅವರು ಒಳಗೆ ನಿಂತುಕೊಂಡೇ ಓದಿದರು. ಒಂದು ಸಲ ಓದಿ, ಮೊದಲಿನಿಂದ ಇನ್ನೊಂದು ಸಲ ಓದಿದರು. ತೊಟ್ಟಿಯಲ್ಲಿ ಬಿಟ್ಟ ಟ್ಯೂಬು ತಾನಾಗಿ ಮೇಲೆ ಬಂದಿತ್ತು.

‘ಬುಧ್ವಾರ ಎಷ್ಟೊತ್ತಿಗೆ ಬಂದಿತ್ತು?’

‘ಹನ್ನೆರಡೂವರೆಗೆ.’

‘ಒಂದ್ ಗಂಟೆ ಬಸ್ ಸಿಕ್ತಿತ್ತು.’

‘ಹೂಂ.’

‘ಬೆಳಕಿರೋವಾಗ್ಲೇ ದೋಣಿ ಹತ್ತಿರ್ತಿದ್ದೆ. ಒಂದ್ ದಿನ ಪೂರ್ತಿ ಸಿಗ್ತಿತ್ತು ನಂಗೆ.’

ನಾನು ತಲೆಯಾಡಿಸಿದೆ. ಅವರು ಕಾಗದದಿಂದ ಕಣ್ಣೆತ್ತಲಿಲ್ಲ.

‘ಸಾಯಂಕಾಲ ನಾನ್ ಬಂದು ಕೇಳ್ದಾಗ ಎಲ್ಲಿತ್ತು ಅದು?’

‘ಮೇಜಿನ ಖಾನೇಲಿ.’

‘ನಾನೆಲ್ಲಿ ನಿಂತಿದ್ದೆ?’

‘ಮೇಜಿನ ಮುಂದೆ.’

ಅವರು ಎಡಗೈಯನ್ನು ಮೊಳದಷ್ಟು ಮುಂದೆ ಚಾಚಿ, ಆ ದೂರವನ್ನು ನೋಡಿದರು. ಕೈ ಹಾಗೇ ಸ್ವಲ್ಪ ಹೊತ್ತು ಗಾಳಿಯಲ್ಲಿತ್ತು. ಬೈದಿದ್ದರೆ, ಕೈಗೆ ಸಿಕ್ಕಿದ ಸ್ಪ್ಯಾನರು ಎಸೆದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಅಂಥ ಮನುಷ್ಯರಲ್ಲ, ಅದೇ ನನ್ನ ದುರದೃಷ್ಟ.

‘ರಾಜೀನಾಮೆ ಬರ್ದು ಕಳಿಸ್ತೀನಿ ಮುನಿಯಣ್ಣ’ ಎಂದೆ.

‘ಕಳಿಸಿದ್ರೆ ಬೇರೆಯೋರ್ನ ಹಾಕ್ತಾರಾ ಅವ್ರು? ಆಳಿಲ್ಲ ಅಂತ ಬೀಗ ಜಡೀತಾರೆ. ಸ್ಟೇಷನ್ನಿಗೇ ಹೋಗ್ತದೆ ಎಲ್ಲಾ.’ ಕಾಗದವನ್ನು ನಾಲ್ಕಾಗಿ ಮಡಚಿದರು. ‘ಆಮೇಲೆ ನಮ್ಮಕ್ಕ ಬಾಗ್ಲು ನೋಡ್ಕೊಂಡು ಸತ್ತಿದ್ದು ಯಾತಕ್ಕೂ ಆಗ್ಲಿಲ್ಲ ಅಂತಾಯ್ತು. ಹೋಗು. ಹೋಗಿ ಕೂತ್ಕೊ ಅಲ್ಲಿ.’

ನಾನು ಬೆಂಚಿನಿಂದ ಏಳಲಿಲ್ಲ. ಅವರು ‘ಆಯ್ತು’ ಎನ್ನಬೇಕಲ್ಲ. ಅವರು ಟ್ಯೂಬು ತೆಗೆದುಕೊಂಡರು, ತೂತು ಹುಡುಕಿದರು, ಉಜ್ಜಿದರು, ಪ್ಯಾಚು ಹಚ್ಚಿದರು, ಗಾಳಿ ತುಂಬಿದರು. ಹತ್ತು ಗಂಟೆಯಾಯಿತು. ಅಂಗಡಿಯ ಬಾಗಿಲೆಳೆದು ನನ್ನ ಪಕ್ಕದಿಂದಲೇ ಪುರಸಭೆಗೆ ನಡೆದುಹೋದರು. ಅವರು ಆ ಮಾತು ಹೇಳಲಿಲ್ಲ. ಹನ್ನೆರಡಕ್ಕೆ ಚೀಲದ ಹೊತ್ತಾಗುತ್ತದೆಂದು ನಾನೇ ಎದ್ದೆ.

ಹೊಸ ವರ್ಷಕ್ಕೆ ಸುಂಕದ ಕಟ್ಟೆಗೆ ಬಂದೆವು. ಬೋರ್ಡು ಬರಲಿಲ್ಲ. ಯಾಕೆಂದು ಜನ ಕೇಳಿದರೆ ನನಗೆ ಗೊತ್ತಿಲ್ಲ ಎನ್ನುತ್ತೇನೆ. ಆ ಕಾಗದದ ವಿಷಯ ಮುನಿಯಣ್ಣ ಯಾರಿಗೂ ಹೇಳಿಲ್ಲ, ಬೀರಪ್ಪಣ್ಣನೂ ಹೇಳಿಲ್ಲ, ಓದದವರ ಮುಂದೆ ಹೇಳಲು ಬರುವುದೂ ಇಲ್ಲ. ಕೋಣೆ ಗಟ್ಟಿಯಾಗಿದೆ, ಗಾಳಿ ಬೆಳಕು ಚೆನ್ನಾಗಿದೆ. ಹರಿದ ಮೂಲೆಯ ಕಾಗದ ಬಂದರೆ ಬೀರಪ್ಪಣ್ಣ ಈಗಲೂ ಓಡುತ್ತಾನೆ, ಜಗಲಿಗಳಲ್ಲಿ ಕೂರುತ್ತಾನೆ. ಮೇಲುಪೇಟೆಯವರೂ ತಮ್ಮ ವಿಳಾಸವನ್ನು ನಮ್ಮ ಕಚೇರಿಗೆ ಬದಲಾಯಿಸಿಕೊಂಡರು. ಮೊದಲು ಬಂದವಳು ಹನುಮಕ್ಕ.

ದಿನಾ ಹನ್ನೆರಡೂವರೆಗೆ ಮುನಿಯಣ್ಣ ಬರುತ್ತಾರೆ. ಭಾನುವಾರ ಬಿಟ್ಟು ಒಂದು ದಿನವೂ ತಪ್ಪಿಲ್ಲ. ಚೀಲ ಸುರಿಯುವಾಗ ಮೇಜಿನ ಮುಂದೆ ನಿಲ್ಲುತ್ತಾರೆ, ಅಂದು ನಿಂತ ಹಾಗೆಯೇ. ನಾನು ಒಂದೊಂದಕ್ಕೂ ಮೊಹರು ಹಾಕುವುದನ್ನು ನೋಡುತ್ತಾರೆ. ಬಾಗಿಲಲ್ಲಿ ಕಾದು ನಿಂತ ಜನ, ಅಧ್ಯಕ್ಷರಿಗೆ ಪೋಸ್ಟಾಫೀಸಿನ ಮೇಲೆ ಎಷ್ಟು ಅಕ್ಕರೆ ನೋಡ್ರಪ್ಪ ಎನ್ನುತ್ತಾರೆ. ಚೀಲ ಖಾಲಿಯಾದ ಮೇಲೆ ಅವರು ಒಂದೇ ಮಾತು ಆಡುವುದು, ‘ಖಾನೆ’ ಎಂದು. ನಾನು ಖಾನೆಯನ್ನು ಪೂರ್ತಿ ಹೊರಗೆಳೆಯುತ್ತೇನೆ, ಶಾಯಿ ಡಬ್ಬಿ ಎತ್ತಿ ತೋರಿಸುತ್ತೇನೆ. ಅವರು ಬಗ್ಗಿ ಮೂಲೆಮೂಲೆ ನೋಡಿ ಹೊರಟುಹೋಗುತ್ತಾರೆ.

ನೋಡಲಾರದೆ ಬೀರಪ್ಪಣ್ಣ ಮೊನ್ನೆ ಕೇಳಿದ. ಬಡಗಿ ನಂಗೆ ಗೊತ್ತಿರೋನೇ, ಖಾನೆ ಇಲ್ಲದ ಮೇಜು ಒಂದು ಮಾಡಿಸಿಕೊಡ್ತಾನೆ, ಹೇಳ್ಲಾ ಎಂದ.

‘ಬೇಡ ಬಿಡಣ್ಣ’ ಎಂದೆ. ‘ಅವ್ರು ಬಂದ್ರೆ ಏನ್ ನೋಡ್ತಾರೆ?’